ಹೊಗೆಯ ಬೆನ್ನು ಹತ್ತಿದ ಮೆಕ್ಯಾನಿಕಲ್ ಇಂಜಿನಿಯರ್

ಆಲ್ಕೇನ್ ಅಂದ್ರೆ ಕೆಮಿಸ್ಟ್ರಿಯವರ ಕೆಲಸ, ನಮಗ್ಯಾಕೆ ಅಂತ ನಮ್ಮ ಮೆಕ್ಯಾನಿಕಲ್ ಗೆಳೆಯರು ಕೇಳೋದುಂಟು. ಯೂಜೀನ್ ಹೂಡ್ರಿ ಕೂಡ ಮೆಕ್ಯಾನಿಕಲ್ ಓದಿದವರೇ. ಇವತ್ತು ನಾವು ಹಾಕಿಸೋ ಪೆಟ್ರೋಲ್, ಬೈಕಿನ ಸೈಲೆನ್ಸರ್ ಎರಡರ ಹಿಂದೆಯೂ ಅವರ ದುಡಿಮೆ ಇದೆ.

ಹೂಡ್ರಿ ಹುಟ್ಟಿದ್ದು 1892ರಲ್ಲಿ, ಫ್ರಾನ್ಸಿನಲ್ಲಿ. ತಂದೆಯದು ಉಕ್ಕಿನ ಉದ್ಯಮ. 1911ರಲ್ಲಿ ಡಿಗ್ರಿ ಮುಗಿಸಿದರು. ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ಪಡೆಯಲ್ಲಿದ್ದು ಗಾಯಗೊಂಡರು. ಆಮೇಲೆ ರೇಸ್ ಕಾರುಗಳ ಹುಚ್ಚು ಹಿಡಿಯಿತು. ಒಳ್ಳೆ ಇಂಜಿನ್‌ಗೆ ಒಳ್ಳೆ ಇಂಧನ ಬೇಕು ಅನ್ನೋದು ತಲೆಯಲ್ಲಿ ಕೂತಿತು.

ಕಚ್ಚಾ ತೈಲದ ಭಾರವಾದ ಭಾಗದಲ್ಲಿ ಉದ್ದುದ್ದ ಸರಪಳಿಯ ಆಲ್ಕೇನ್‌ಗಳಿರುತ್ತವೆ. ಅವನ್ನು ಬರೀ ಶಾಖದಿಂದ ಮುರಿಯೋದು ಆಗಿನ ರೂಢಿ. ಹೂಡ್ರಿ ಸಿಲಿಕಾ-ಅಲ್ಯೂಮಿನಾ ಕ್ಯಾಟಲಿಸ್ಟ್ ಬಳಸಿದರು. ಹೆಚ್ಚು ಆಕ್ಟೇನಿನ, ನಾಕಿಂಗ್ ಕಡಿಮೆ ಇರುವ ಪೆಟ್ರೋಲ್ ಸಿಕ್ಕಿತು. ಆದ್ರೆ ಕ್ಯಾಟಲಿಸ್ಟ್ ಮೇಲೆ ಬೇಗನೆ ಕಾರ್ಬನ್ ಕೂತು ಕೆಲಸ ನಿಲ್ಲುತ್ತಿತ್ತು. ಗಾಳಿ ಬಿಟ್ಟು ಆ ಕಾರ್ಬನ್ನನ್ನೇ ಸುಟ್ಟು, ಅದೇ ಕ್ಯಾಟಲಿಸ್ಟನ್ನು ಮತ್ತೆ ಬಳಸಿದ್ದು ಅವರ ಜಾಣತನ. 1930ರಲ್ಲಿ ಅಮೆರಿಕಕ್ಕೆ ಹೋದರು. 1937ರಲ್ಲಿ ಸನ್ ಆಯಿಲ್ ಕಂಪನಿಯ ಮಾರ್ಕಸ್ ಹುಕ್ ರಿಫೈನರಿಯಲ್ಲಿ ಅವರ ದೊಡ್ಡ ಘಟಕ ಶುರುವಾಯಿತು. ಎರಡನೇ ಮಹಾಯುದ್ಧದ ವಿಮಾನಗಳಿಗೂ ಈ ವಿಧಾನದ ಇಂಧನ ಹೋಯಿತು.

ಇಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದ್ರೆ ಆಲ್ಕೇನ್ ಪೂರ್ತಿ ಉರಿದರೆ ಮಾತ್ರ ಕಾರ್ಬನ್ ಡೈಆಕ್ಸೈಡ್, ನೀರು. ಆಕ್ಸಿಜನ್ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್, ಮಸಿ, ಅರ್ಧ ಉರಿದ ಹೈಡ್ರೋಕಾರ್ಬನ್ ಹೊರಬರುತ್ತವೆ. ಲಾಸ್ ಏಂಜಲೀಸ್ ನಗರದ ಹೊಗೆಮಂಜಿನ ಸುದ್ದಿ ಹೂಡ್ರಿಯನ್ನು ಕಾಡಿತು. ಸುಮಾರು 1950ರಲ್ಲಿ ಆಕ್ಸಿ-ಕ್ಯಾಟಲಿಸ್ಟ್ ಕಂಪನಿ ಕಟ್ಟಿ, ಸೈಲೆನ್ಸರಿನೊಳಗೇ ಈ ಹೊಗೆಯನ್ನು ಮತ್ತೆ ಆಕ್ಸಿಜನ್ ಜೊತೆ ಸೇರಿಸುವ ಕನ್ವರ್ಟರ್ ಮಾಡಿದರು. 1956ರಲ್ಲಿ ಪೇಟೆಂಟ್ ಬಂತು.

ಆದ್ರೆ ಕಾರುಗಳಿಗೆ ಹತ್ತಲಿಲ್ಲ. ನಾಕಿಂಗ್ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸ್ತಿದ್ರು. ಆ ಸೀಸ ಕ್ಯಾಟಲಿಸ್ಟನ್ನೇ ಕೆಡಿಸ್ತಿತ್ತು. ಉತ್ತರ ಸಿಕ್ಕಿತ್ತು, ಇಂಧನ ತಯಾರಿರಲಿಲ್ಲ. 1962ರಲ್ಲಿ ಹೂಡ್ರಿ ತೀರಿಕೊಂಡರು. ಅಮೆರಿಕದ ಹೊಸ ಕಾರುಗಳಲ್ಲಿ ಕನ್ವರ್ಟರ್ ಸಾಮಾನ್ಯವಾದದ್ದು 1975ರ ಮಾಡೆಲ್‌ಗಳಿಂದ. ನಮ್ಮ ದೇಶದ ಪೆಟ್ರೋಲಿನಿಂದ ಸೀಸ ಪೂರ್ತಿ ಹೋಗಿದ್ದು 2000ದಲ್ಲಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬೈಕ್ ಓಡಿಸೋ ನಮ್ಮಲ್ಲೇ, ಸೌಂಡ್ ಜೋರಾಗಲಿ ಅಂತ ಕಂಪನಿ ಸೈಲೆನ್ಸರ್ ಬಿಚ್ಚಿಸೋವರಿದ್ದಾರೆ. ಎಷ್ಟೋ ಬೈಕುಗಳಲ್ಲಿ ಕನ್ವರ್ಟರ್ ಇರೋದೇ ಅದರೊಳಗೆ. ಎಲ್ಲಮ್ಮನ ಜಾತ್ರೆಯಲ್ಲಿ ಗಾಡಿಗಳು ಸಾಲುಗಟ್ಟಿದಾಗ ಆ ಹೊಗೆ ಕುಡಿಯೋರು ಚಕ್ಕಡಿ ಹೂಡಿಕೊಂಡು ಬಂದ ಮಂದಿ. ಹೂಡ್ರಿ ಕಾಣದೇ ಹೋದದ್ದು ನಮಗೆ ಬೈಕಿನ ಜೊತೆಗೇ ಬಂದಿದೆ. ಬಿಚ್ಚೋದು ಬ್ಯಾಡ್ರಿ.