ಬೈಂಡಿಂಗ್ ಅಂಗಡಿಯ ಹುಡುಗ ಮಾತು ಕಲಿತದ್ದು

ಫಸ್ಟ್ ಇಯರ್‌ನಲ್ಲಿ ಮೈಕಲ್ ಫ್ಯಾರಡೆ ಅಂದರೆ ನಮಗೆ ಒಂದು ಫಾರ್ಮುಲಾ. ಒಂದು ಕಾಯಿಲ್, ಒಂದು ಮ್ಯಾಗ್ನೆಟ್, ಮುಂದೆ ಒಂದು ಮೈನಸ್ ಚಿಹ್ನೆ (ಅದೂ ಅವನದಲ್ಲ, ಲೆನ್ಜ್‌ದು). ಈಗ ಟೈಮ್‌ಟೇಬಲ್‌ನಲ್ಲಿ ಸಾಫ್ಟ್ ಸ್ಕಿಲ್ಸ್ ಅಂತ ಒಂದು ಕ್ಲಾಸ್ ಬಂದಿದೆ. ಅಲ್ಲಿ ನಾವು ಹಿಂದಿನ ಬೆಂಚಲ್ಲಿ ಕೂತು ಲ್ಯಾಬ್ ರೆಕಾರ್ಡ್ ಬರೆಯೋದೇ ಜಾಸ್ತಿ. ಮಾತಾಡೋದಕ್ಕೂ ಕ್ಲಾಸ್ ಬೇಕಾ ಅನ್ನೋದು ನಮ್ಮ ವಾದ. ಫ್ಯಾರಡೆಯ ಬದುಕನ್ನು ಓದಿದ ಮೇಲೆ ಆ ವಾದ ಸ್ವಲ್ಪ ಸಡಿಲವಾಗಿದೆ. ಯಾಕೆಂದರೆ ಆ ಮನುಷ್ಯ ತನ್ನ ಸಣ್ಣ ಸಂಬಳದಲ್ಲಿ ದುಡ್ಡು ಕೊಟ್ಟು ಮಾತಾಡೋದನ್ನ ಕಲಿತಿದ್ದಾನೆ.

ಅವನು ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್‌ನ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಕಮ್ಮಾರ, ಆರೋಗ್ಯ ಸರಿ ಇರಲಿಲ್ಲ. ಮನೆಯಲ್ಲಿ ಊಟಕ್ಕೂ ಕಷ್ಟ. ಓದು, ಬರಹ, ಒಂದಿಷ್ಟು ಕೂಡೋ ಕಳೆಯೋ ಲೆಕ್ಕ, ಇಷ್ಟಕ್ಕೇ ಶಾಲೆ ಮುಗಿಯಿತು. ಚಿಕ್ಕಂದಿನಲ್ಲಿ 'ರ' ಅಕ್ಷರಕ್ಕೆ ನಾಲಿಗೆ ಹೊರಳುತ್ತಿರಲಿಲ್ಲವಂತೆ. 1804ರಲ್ಲಿ ಬ್ಲಾಂಡ್‌ಫರ್ಡ್ ಸ್ಟ್ರೀಟ್‌ನ ರೀಬೋ ಅನ್ನುವವನ ಪುಸ್ತಕದಂಗಡಿಗೆ ಪೇಪರ್ ಹಂಚುವ ಹುಡುಗನಾಗಿ ಸೇರಿದ. ಮರುವರ್ಷದಿಂದ ಏಳು ವರ್ಷ ಅಲ್ಲೇ ಬೈಂಡಿಂಗ್ ಕೆಲಸಕ್ಕೆ ಅಪ್ರೆಂಟಿಸ್.

ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಓದಿಯೇ ಹೊಲಿಯುತ್ತಿದ್ದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಬರೆದ ಕೆಮಿಸ್ಟ್ರಿ ಪುಸ್ತಕ, ಹೀಗೆ. 1810ರಿಂದ ಟಾಟಮ್ ಅನ್ನುವವರು ತಮ್ಮ ಮನೆಯಲ್ಲಿ ಸಂಜೆ ಹೊತ್ತು ಕೊಡುತ್ತಿದ್ದ ಲೆಕ್ಚರ್‌ಗಳಿಗೆ ಹೋಗತೊಡಗಿದ. ಒಂದು ಲೆಕ್ಚರ್‌ಗೆ 1 ಶಿಲಿಂಗ್. ಅಷ್ಟು ದುಡ್ಡು ಇವನ ಹತ್ತಿರ ಎಲ್ಲಿ? ಕೊಟ್ಟದ್ದು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್. ನೋಟ್ಸ್‌ಗೆ ಚಿತ್ರ ಬಿಡಿಸೋದು ಬರಬೇಕಲ್ಲ, ಅದಕ್ಕೆ ಅಂಗಡಿಯ ಮೇಲೆ ಬಾಡಿಗೆಗಿದ್ದ ಮಾಸ್ಕೆರಿಯೆ ಎಂಬ ಚಿತ್ರಕಾರನ ಹತ್ತಿರ ಕಲಿತ. ಫೀಸು ಅಂದರೆ ಅವನ ರೂಮು ಗುಡಿಸೋದು, ಬೂಟು ಪಾಲಿಶ್ ಮಾಡೋದು.

ಬರವಣಿಗೆ ಸುಧಾರಿಸಬೇಕು ಅಂತ 1812ರಲ್ಲಿ ಬೆಂಜಮಿನ್ ಆ್ಯಬಟ್ ಎಂಬ ಗೆಳೆಯನ ಜೊತೆ ಕಾಗದ ಬರೆಯೋದು ಶುರು ಮಾಡಿದ. ಇಬ್ಬರೂ ಇರೋದು ಒಂದೇ ಊರಲ್ಲಿ! ವಿಷಯ ಹೇಳೋದಕ್ಕಿಂತ, ಹೇಳೋದನ್ನ ಅಭ್ಯಾಸ ಮಾಡೋಕೆ ಆ ಕಾಗದಗಳು.

ಅದೇ ವರ್ಷ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ನೋಟ್ಸ್ ಎಲ್ಲ ನೀಟಾಗಿ ಬರೆದು, ಚಿತ್ರ ಹಾಕಿ, ತಾನೇ ಬೈಂಡ್ ಮಾಡಿ, ಡೇವಿಗೇ ಕಳಿಸಿದ. ನಾವು ರೆಸ್ಯೂಮೆಗೆ ಟೆಂಪ್ಲೇಟ್ ಹುಡುಕುತ್ತೇವಲ್ಲ, ಇವನ ರೆಸ್ಯೂಮೆ ಸುಮಾರು 300 ಪುಟ. ಡೇವಿ ಕರೆದು ಮಾತಾಡಿಸಿದ, ಆದರೆ ಕೆಲಸ ಖಾಲಿ ಇರಲಿಲ್ಲ. ಕೆಲವೇ ವಾರಗಳಲ್ಲಿ ಅಲ್ಲಿನ ಲ್ಯಾಬ್ ಅಸಿಸ್ಟೆಂಟ್ ಹೊಡೆದಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್‌ನಲ್ಲಿ ಆ ಜಾಗಕ್ಕೆ ಫ್ಯಾರಡೆ ಬಂದ. ವಾರಕ್ಕೆ 25 ಶಿಲಿಂಗ್, ಮಾಳಿಗೆಯಲ್ಲಿ ಎರಡು ರೂಮು. ಆಗ ವಿಜ್ಞಾನಿ ಅನ್ನೋ ಹುದ್ದೆ ಎಲ್ಲೂ ಇಲ್ಲ. ಇಂಗ್ಲಿಷಿನಲ್ಲಿ ಸೈಂಟಿಸ್ಟ್ ಅನ್ನೋ ಪದ ಹುಟ್ಟಿದ್ದೇ 1830ರ ದಶಕದಲ್ಲಿ. ಚೆನ್ನಾಗಿ ಗೊತ್ತಿದ್ದ ಕಸುಬು ಬಿಟ್ಟು, ಹೆಸರೇ ಇಲ್ಲದ ಕೆಲಸಕ್ಕೆ ಹೋದ.

ಆ ವರ್ಷದ ಕೊನೆಗೆ ಡೇವಿ ದಂಪತಿ ಯುರೋಪ್ ಪ್ರವಾಸ ಹೊರಟರು. ಜೊತೆಗೆ ಹೋದ ಫ್ಯಾರಡೆಯನ್ನು ಡೇವಿಯ ಹೆಂಡತಿ ಆಳಿನ ಹಾಗೆ ನಡೆಸಿಕೊಂಡಳು. ವಾಪಸ್ ಹೋಗಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತಂತೆ. ಆದರೂ ಆಂಪಿಯರ್, ವೋಲ್ಟಾರನ್ನು ಕಂಡ, ಫ್ರೆಂಚ್ ಮತ್ತು ಇಟಾಲಿಯನ್ ಕಲಿತ, 1815ರಲ್ಲಿ ಮರಳಿದ.

ಇನ್ನು ಮಾತಿನ ವಿಷಯ. ಫ್ಯಾರಡೆ ಮತ್ತು ಗೆಳೆಯರು ಸೇರಿ, ಮಾಳಿಗೆಯ ರೂಮಲ್ಲಿ ಓದಿ, ಒಬ್ಬರ ಉಚ್ಚಾರಣೆಯನ್ನು ಇನ್ನೊಬ್ಬರು ಮುಲಾಜಿಲ್ಲದೆ ತಿದ್ದುತ್ತಿದ್ದರು. 1818ರಲ್ಲಿ ಬಿ.ಎಚ್. ಸ್ಮಾರ್ಟ್ ಎಂಬ ಭಾಷಣಕಲೆಯ ಮೇಷ್ಟ್ರ ಉಪನ್ಯಾಸಗಳಿಗೆ ಹೋಗಿ ನೂರಕ್ಕೂ ಹೆಚ್ಚು ಪುಟ ನೋಟ್ಸ್ ಮಾಡಿದ. 1823ರಲ್ಲಿ ಅದೇ ಮೇಷ್ಟ್ರ ಹತ್ತಿರ ಪ್ರೈವೇಟ್ ಪಾಠ, ಒಂದು ಪಾಠಕ್ಕೆ ಅರ್ಧ ಗಿನಿ, ಅಂದರೆ ಹತ್ತೂವರೆ ಶಿಲಿಂಗ್. ಸೇರಿದಾಗಿನ ವಾರದ ಸಂಬಳಕ್ಕೆ ಹೋಲಿಸಿ ನೋಡಿ. ಮೆಗ್ರಾತ್ ಅನ್ನೋ ಗೆಳೆಯ ಇವನ ಲೆಕ್ಚರ್‌ಗಳಲ್ಲಿ ಕೂತು ತಪ್ಪುಗಳನ್ನು ಪಟ್ಟಿ ಮಾಡುತ್ತಿದ್ದ. ಫ್ಯಾರಡೆ ವೇಗವಾಗಿ ಮಾತಾಡುತ್ತಿದ್ದದ್ದರಿಂದ ಎದುರಿಗೆ ನಿಧಾನ ಅಂತ ಬರೆದ ಕಾರ್ಡ್ ಇಡಿಸಿಕೊಳ್ಳುತ್ತಿದ್ದ. ನಮ್ಮ ಸೆಮಿನಾರಲ್ಲಿ ಯಾರಾದರೂ ಹೀಗೆ ತಪ್ಪು ಬರೆದುಕೊಂಡರೆ ಆ ಗೆಳೆತನ ಉಳಿಯೋದು ಡೌಟು.

ಇಷ್ಟೆಲ್ಲ ಕಲಿತವನೂ ಒಂದು ಕಡೆ ಎಡವಿದ. 1821ರಲ್ಲಿ, ಪಾದರಸದಲ್ಲಿ ಅದ್ದಿದ ತಂತಿಗೆ ಕರೆಂಟ್ ಹರಿಸಿ, ಅದು ಮ್ಯಾಗ್ನೆಟ್ ಸುತ್ತ ತಿರುಗುವಂತೆ ಮಾಡಿದ. ಇವತ್ತಿನ ಮೋಟರ್‌ಗಳ ಮೂಲ ಇದೇ. ಆದರೆ ಹಿರಿಯ ವಿಜ್ಞಾನಿ ವೊಲಾಸ್ಟನ್ ಆಗಲೇ ತಂತಿ ತಿರುಗುತ್ತದೆ ಅಂತ ಊಹಿಸಿ, ಡೇವಿ ಜೊತೆ ಪ್ರಯೋಗ ಮಾಡಿ ನೋಡಿದ್ದ. ಅವನು ಊಹಿಸಿದ್ದು ಬೇರೆ ಥರದ ತಿರುಗುವಿಕೆ, ಪ್ರಯೋಗವೂ ಆಗಿರಲಿಲ್ಲ. ಫ್ಯಾರಡೆ ಭೇಟಿಯಾಗಲು ಹೋದಾಗ ವೊಲಾಸ್ಟನ್ ಊರಲ್ಲಿರಲಿಲ್ಲ. ಕಾಯದೆ, ಅವನ ಹೆಸರನ್ನೂ ಹೇಳದೆ, ಫ್ಯಾರಡೆ ಲೇಖನ ಪ್ರಕಟಿಸಿಬಿಟ್ಟ. ಕದ್ದಿದ್ದಾನೆ ಅನ್ನೋ ಗುಸುಗುಸು ಶುರುವಾಯಿತು. ಕೊನೆಗೆ ವೊಲಾಸ್ಟನ್‌ಗೇ ಬರೆದು, ಮುಖಾಮುಖಿ ಕೂತು ಮಾತಾಡಿದ. ವೊಲಾಸ್ಟನ್ ಸಮಾಧಾನವಾದ, ಡೇವಿ ಆಗಲಿಲ್ಲ. ರಾಯಲ್ ಸೊಸೈಟಿಯ ಫೆಲೋ ಆಗಲು ಫ್ಯಾರಡೆಯ ಹೆಸರು ಬಂದಾಗ, ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದ. 1824ರ ಜನವರಿಯಲ್ಲಿ ಫ್ಯಾರಡೆ ಆಯ್ಕೆಯಾದ, ವಿರುದ್ಧ ಬಿದ್ದದ್ದು ಒಂದೇ ಮತ. ನಮಗನ್ನಿಸೋದು, ಅವನು ಕದಿಯಲಿಲ್ಲ, ಆದರೆ ಹೆಸರು ಹೇಳಬೇಕಿತ್ತು. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಈ ಜಗಳ ಅರ್ಥವಾಗತ್ತೆ.

ಮುಂದಿನದು ನಮ್ಮ ಸಿಲಬಸ್‌ನಲ್ಲಿ ಇರೋದೇ. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಕಾಯಿಲ್ ಸುತ್ತಿ ಇಂಡಕ್ಷನ್ ಕಂಡ. ಅಷ್ಟು ಹೊತ್ತಿಗೆ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನೂ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನೂ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಶುರು ಮಾಡಿಸಿದ್ದ. ಎರಡೂ ಇವತ್ತಿಗೂ ನಡೆಯುತ್ತಿವೆ. ಹೊರಗಿನ ಸಲಹೆ ಕೆಲಸದಿಂದ 1830ರಲ್ಲಿ 1,000 ಪೌಂಡ್‌ಗೂ ಹೆಚ್ಚು ಬಂದಿತ್ತು. ಸಂಶೋಧನೆಗೆ ಟೈಮ್ ಸಿಗಲ್ಲ ಅಂತ ಅದನ್ನು ಹೆಚ್ಚುಕಡಿಮೆ ಬಿಟ್ಟ.

ಕಲಿಯದೇ ಉಳಿದದ್ದು ಗಣಿತ. ಇಷ್ಟು ಕಷ್ಟಪಟ್ಟು ಉಚ್ಚಾರಣೆ ಕಲಿತವನು ಗಣಿತಕ್ಕೆ ಯಾಕೆ ಕೈ ಹಾಕಲಿಲ್ಲ ಅನ್ನೋದು ನಮ್ಮಲ್ಲಿ ಇನ್ನೂ ಚರ್ಚೆಯಲ್ಲಿದೆ. ಅವನ ಬಲರೇಖೆಗಳನ್ನು ಅನೇಕ ಗಣಿತಜ್ಞರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1850ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಎಂಬ ಇಪ್ಪತ್ತರ ಹರೆಯದ ಹುಡುಗ ಅವುಗಳಿಗೆ ಸಮೀಕರಣ ಬರೆದು ಕಳಿಸಿದ. 1857ರಲ್ಲಿ ಫ್ಯಾರಡೆ ಅವನಿಗೊಂದು ಕಾಗದ ಬರೆದ. ಗಣಿತದವರು ತಮ್ಮ ಲೆಕ್ಕ ಮುಗಿದ ಮೇಲೆ ಉತ್ತರವನ್ನು ಸಾಮಾನ್ಯ ಮಾತಿನಲ್ಲೂ ಬರೆದುಕೊಟ್ಟರೆ, ನಮ್ಮಂಥವರು ಪ್ರಯೋಗ ಮಾಡಿ ನೋಡಬಹುದಲ್ಲವೇ ಅಂತ ಕೇಳಿದ. ಆಗ ಅವನಿಗೆ 66 ವರ್ಷ.

ಮೂರು ವರ್ಷದ ನಂತರ, ನೆನಪು ಕೈಕೊಡುತ್ತಿದ್ದ ಕಾಲದಲ್ಲಿ, ಒಂದು ಮೇಣದಬತ್ತಿ ಹಚ್ಚಿಟ್ಟುಕೊಂಡು ಮಕ್ಕಳಿಗೆ ತನ್ನ ಕೊನೆಯ ಕ್ರಿಸ್‌ಮಸ್ ಉಪನ್ಯಾಸಗಳನ್ನು ಕೊಟ್ಟ. ತೀರಿಕೊಂಡದ್ದು 1867ರ ಆಗಸ್ಟ್ 25ರಂದು.