ಜಗಳವನ್ನೇ ನಾಟಕ ಮಾಡಿದ ಬೋಆಲ್

ಹೋದ ವರ್ಷ ಒಂದು ಶುಕ್ರವಾರ ಸೋನಾಪುರದ ನಮ್ಮ ರೂಮಿನಲ್ಲಿ ಕುಕ್ಕರ್ ಮುಚ್ಚಳ ಹೋಗಿ ಗೋಡೆಗೆ ಬಡಿಯಿತು. ಎಸೆದವನು ಎಲ್ಲರಿಗಿಂತ ಚಿಕ್ಕವನು, ರಾಯಚೂರು ಕಡೆಯ ಹುಡುಗ. ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು ಅಷ್ಟೇ. ಆರು ಜನರ ರೂಮಿನಲ್ಲಿ ಅಡುಗೆ, ಪಾತ್ರೆ, ಕಸ ಗುಡಿಸೋದು ಎಲ್ಲಾ ಅವನ ತಲೆ ಮೇಲೇ ಬಿದ್ದಿತ್ತು. ನಾವು ಹಿರಿಯರು ಕೂತು ರಾಜಿ ಮಾಡಿಸಿದೆವು. ಊರ ಪಂಚಾಯ್ತಿ ಥರಾನೇ. ದೊಡ್ಡವರ ಹತ್ತಿರ ತಪ್ಪಾಯ್ತು ಅನ್ನು, ಮರೆತುಬಿಡು ಅಂದೆವು. ಅವನು ಹಾಗೇ ಅಂದ. ಮರುದಿನ ಪಾತ್ರೆ ಮತ್ತೆ ಅವನೇ ತೊಳೆದ.

ನಮ್ಮ ಬಳಗದಲ್ಲಿ ರಾಜ್ಯೋತ್ಸವಕ್ಕೆ ನಾಟಕ ಮಾಡಿಸುವ ಒಬ್ಬರಿದ್ದಾರೆ. ಹಗಲು ಸ್ಟೋರ್ ಕೀಪರ್, ನಮಗೆಲ್ಲಾ ಅವರು ಮೇಷ್ಟ್ರು. ಈ ರಾಜಿಯ ವಿಷಯ ಕೇಳಿ ಅವರು ನಕ್ಕರು, ಆಮೇಲೆ ಬ್ರೆಜಿಲ್ ದೇಶದ ಅಗಸ್ಟೊ ಬೋಆಲ್ ಅವರ ಕಥೆ ಹೇಳಿದರು. ನಾನೂ ಹುಡುಕಿ ಓದಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಐಟಿಐ ಎಲೆಕ್ಟ್ರಿಷಿಯನ್ ನಾನು, ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೋಆಲ್ ಹುಟ್ಟಿದ್ದು 1931ರ ಮಾರ್ಚ್ 16ರಂದು, ರಿಯೊ ಡಿ ಜನೈರೊ ನಗರದಲ್ಲಿ. ತಂದೆ ಪೋರ್ಚುಗಲ್‌ನಿಂದ ವಲಸೆ ಬಂದವರು, ಬೇಕರಿ ಇಟ್ಟುಕೊಂಡಿದ್ದರು. ಮಗ ಕೆಮಿಕಲ್ ಇಂಜಿನಿಯರಿಂಗ್ ಓದಿದರು. ಮುಂದೆ ಓದಲು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲಿ ನಾಟಕದ ಪಾಠವನ್ನೂ ಹಿಡಿದರು. 1956ರಲ್ಲಿ ವಾಪಸು ಬಂದು ಸಾವೊ ಪೌಲೊದ ಅರೆನಾ ರಂಗಮಂದಿರ ಸೇರಿ, ನಿರ್ದೇಶಕರಾದರು.

ಮೊದಮೊದಲು ಅವರೂ ಬೋಧನೆ ಮಾಡುವ ನಾಟಕವನ್ನೇ ಆಡಿಸುತ್ತಿದ್ದರು. ಬ್ರೆಜಿಲ್‌ನ ಈಶಾನ್ಯ ಭಾಗ ಬಡ ರೈತರ ಸೀಮೆ. ಅಲ್ಲಿ ಒಂದು ಸಲ ನಟರೆಲ್ಲ ಬಂದೂಕು ಎತ್ತಿ, ಭೂಮಿಗಾಗಿ ರಕ್ತ ಕೊಡೋಣ ಅಂತ ಹಾಡಿ ನಾಟಕ ಮುಗಿಸಿದರು. ನೋಡುತ್ತಿದ್ದ ವಿರ್ಜಿಲಿಯೊ ಎಂಬ ರೈತನಿಗೆ ಕಣ್ಣೀರೇ ಬಂತು. ಹತ್ತಿರ ಬಂದು ಊಟಕ್ಕೆ ಕರೆದ. ಊಟ ಮುಗಿಸಿ ಎಲ್ಲರೂ ನಿಮ್ಮ ಬಂದೂಕಿನ ಸಮೇತ ಹೊರಡಿ, ನಮ್ಮವರ ಜಮೀನು ಕಿತ್ತುಕೊಂಡವರ ಮೇಲೆ ಹೋಗೋಣ ಅಂದ. ಬಂದೂಕು ನಾಟಕದ್ದು, ಸುಡೋದಿಲ್ಲ ಅಂತ ಇವರು ಹೇಳಿದರು. ಪರವಾಗಿಲ್ಲ, ನೀವಂತೂ ನಿಜವಾದ ಮನುಷ್ಯರು, ನಮ್ಮ ಹತ್ತಿರ ಬೇಕಾದಷ್ಟು ಬಂದೂಕಿವೆ ಅಂದ ಅವನು. ಆಗ ಇವರು, ನಾವು ಕಲಾವಿದರು, ರೈತರಲ್ಲ ಅನ್ನಬೇಕಾಯಿತು. ಹಾಗಾದರೆ ಸುರಿಯೋದು ಬರೀ ನಮ್ಮ ರಕ್ತ ಅನ್ನಿ ಅಂತ ವಿರ್ಜಿಲಿಯೊಗೆ ಅರ್ಥವಾಯಿತು. ಆ ನಾಚಿಕೆಯನ್ನು ಬೋಆಲ್ ಮರೆಯಲಿಲ್ಲ. ತಾವು ಇಳಿಯದ ಅಪಾಯಕ್ಕೆ ಇನ್ನೊಬ್ಬರನ್ನು ತಳ್ಳುವ ನಾಟಕವನ್ನು ಅಲ್ಲಿಗೇ ಬಿಟ್ಟರು.

1964ರಲ್ಲಿ ಬ್ರೆಜಿಲ್‌ನಲ್ಲಿ ಸೇನೆ ಆಡಳಿತ ಹಿಡಿಯಿತು. 1971ರಲ್ಲಿ ಬೋಆಲ್ ಅವರನ್ನು ಹಿಡಿದು ಜೈಲಿಗೆ ಹಾಕಿ, ಚಿತ್ರಹಿಂಸೆ ಕೊಟ್ಟರು. ಬಿಡುಗಡೆಯಾದ ಮೇಲೆ ದೇಶ ಬಿಟ್ಟರು. ಅರ್ಜೆಂಟೀನಾ, ಪೋರ್ಚುಗಲ್, ಆಮೇಲೆ ಪ್ಯಾರಿಸ್. ನಾವು ಸಂಬಳಕ್ಕೆ ಅಂತ ಬಂದವರು, ರಜೆ ಸಿಕ್ಕರೆ ಊರಿಗೆ ಹೋಗ್ತೀವಿ. ಅವರಿಗೆ ಆ ದಾರಿಯೂ ಇರಲಿಲ್ಲ.

1973ರಲ್ಲಿ ಪೆರು ದೇಶದ ಅಕ್ಷರ ಕಲಿಸುವ ಯೋಜನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಬ್ಬ ಹೆಂಗಸು ತನ್ನ ಕಷ್ಟ ತಂದಳು. ಗಂಡ ಜೋಪಾನವಾಗಿಡು ಅಂತ ಕೊಟ್ಟಿದ್ದ ಕಾಗದಗಳನ್ನು, ಓದಲು ಬಾರದ ಅವಳು, ಮನೆಯ ಪತ್ರ ಅಂತ ನಂಬಿದ್ದಳು. ಪಕ್ಕದವರ ಹತ್ತಿರ ಓದಿಸಿದರೆ ಅವು ಇನ್ನೊಬ್ಬಳ ಪ್ರೇಮಪತ್ರ! ಗಂಡ ಮನೆಗೆ ಬರುವವನಿದ್ದ, ಈಗೇನು ಮಾಡಲಿ ಅಂತ ಅವಳ ಪ್ರಶ್ನೆ. ನಟರು ಅದನ್ನೇ ಆಡಿ ತೋರಿಸಿದರು, ಜನ ಹೇಳಿದ ಉಪಾಯಗಳನ್ನೂ ಒಂದೊಂದಾಗಿ ಆಡಿದರು. ಪ್ರೇಕ್ಷಕರಲ್ಲಿದ್ದ ಒಬ್ಬ ದಪ್ಪನೆ ಹೆಂಗಸಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಗಂಡನ ಜೊತೆ ಸ್ಪಷ್ಟವಾಗಿ ಮಾತಾಡಬೇಕು ಅಂತಾಳೆ, ನಟಿ ಎಷ್ಟು ಸ್ಪಷ್ಟವಾಗಿ ಮಾತಾಡಿದರೂ ಅದಲ್ಲ ಅಂತಾಳೆ. ಕೊನೆಗೆ ಬೋಆಲ್ ಅವಳನ್ನೇ ವೇದಿಕೆಗೆ ಕರೆದರು. ಅವಳು ಗಂಡನ ಪಾತ್ರದವನನ್ನು ಪೊರಕೆ ಕೋಲಿನಿಂದ ಬಾರಿಸಿ, ಆಮೇಲೆ ಕ್ಷಮಿಸಿದಳು. ಅವಳ ‘ಸ್ಪಷ್ಟ’ ಅಂದರೆ ಅದು!

ಫೋರಂ ಥಿಯೇಟರ್ ಹುಟ್ಟಿದ್ದು ಹೀಗೆ. ಅನ್ಯಾಯದಲ್ಲಿ ಮುಗಿಯುವ ಸಣ್ಣ ನಾಟಕ ಆಡುತ್ತಾರೆ. ಅದನ್ನೇ ಎರಡನೇ ಸಲ ಆಡುವಾಗ ನೋಡುವವರು ಯಾರಾದರೂ ನಿಲ್ಲಿಸಿ ಅಂತ ಕೂಗಿ, ತುಳಿತಕ್ಕೆ ಸಿಕ್ಕಿದವನ ಜಾಗದಲ್ಲಿ ತಾವು ನಿಂತು ಬೇರೆ ದಾರಿ ಪ್ರಯತ್ನಿಸಬಹುದು. ತುಳಿಯುವ ಪಾತ್ರದವನು ಸುಲಭಕ್ಕೆ ಸೋಲಬಾರದು. ನಡುವೆ ಜೋಕರ್ ಅಂತ ಒಬ್ಬರಿರುತ್ತಾರೆ. ಅವರು ತೀರ್ಪು ಕೊಡೋದಿಲ್ಲ, ಹೀಗಾಗುತ್ತಾ ಅಂತ ಜನರನ್ನೇ ಕೇಳುತ್ತಾರೆ. ನಮ್ಮ ಕೆಲಸದಲ್ಲಿ ಮೇನ್ ಆನ್ ಮಾಡುವ ಮೊದಲು ವೈರಿಂಗ್‌ಗೆ ಮೆಗ್ಗರ್ ಹಾಕಿ ನೋಡ್ತೀವಲ್ಲ, ಹಾಗೆ. ಇನ್ಸುಲೇಷನ್ ಎಲ್ಲಿ ಹೋಗಿದೆ ಅಂತ ಶಾಕ್ ಹೊಡೆಯುವ ಮೊದಲೇ ಗೊತ್ತಾಗುತ್ತೆ.

1986ರಲ್ಲಿ ರಿಯೊಗೆ ವಾಪಸಾದ ಮೇಲೆ ಬಡ ಮಕ್ಕಳ ಸರ್ಕಾರಿ ಶಾಲೆಗಳಿಗೆ ಈ ನಾಟಕ ಒಯ್ದರು. 1992ರಲ್ಲಿ ನಗರಸಭೆಗೆ ಗೆದ್ದು, ಜನರ ನಾಟಕದಿಂದಲೇ ಕಾನೂನು ಮಾಡಲು ಹೊರಟರು. ಅವರ ಅವಧಿಯಲ್ಲಿ ಹೀಗೆ 13 ಕಾನೂನು ಆದವು. ನನಗೆ ಹಿಡಿಸಿದ್ದು ಒಂದು. ಬೀದಿಯ ಟೆಲಿಫೋನ್ ಗೂಡು ಮೇಲೆ ಅಗಲ, ಕೆಳಗೆ ಬರೀ ಕಂಬ. ಕುರುಡರ ಕೋಲು ಅಡಿಯಲ್ಲಿ ಹಾದುಹೋಗಿ, ತಲೆ ಹೋಗಿ ಗೂಡಿಗೆ ಬಡಿಯುತ್ತಿತ್ತು. ಕೋಲಿಗೆ ಮೊದಲೇ ತಾಗುವಂತೆ ಕೆಳಗೆ ಕಟ್ಟೆ ಕಟ್ಟಬೇಕು ಅಂತ ನಿಯಮ ಬಂತು. ಕಣ್ಣಿರುವ ಯಾವ ಇಂಜಿನಿಯರಿಗೂ ಇದು ಹೊಳೆದಿರಲಿಲ್ಲ ನೋಡಿ.

ಅವರ ದಾರಿ ನಮ್ಮ ದೇಶಕ್ಕೂ ಬಂದಿದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಸಂಸ್ಕೃತಿ ತಂಡ ಇದನ್ನೇ ಆಡಿಸುತ್ತಾ ಬಂದಿದೆ. ಬೋಆಲ್ 2009ರ ಮೇ 2ರಂದು ರಿಯೊದಲ್ಲಿ ತೀರಿಕೊಂಡರು.

ಇಷ್ಟೆಲ್ಲಾ ಕೇಳಿದ ಮೇಲೆ ಮೇಷ್ಟ್ರನ್ನು ರೂಮಿಗೆ ಕರೆದೆವು. ಅವರೇ ಜೋಕರ್. ಕುಂದಾಪುರದ ಅಣ್ಣ ಹಿರಿಯನಾಗಿಯೇ ಕೂತರು, ಹುಡುಗನ ಜಾಗದಲ್ಲಿ ನಾನು ನಿಂತೆ. ಡ್ಯೂಟಿ ಮುಗಿಸಿ ಸುಸ್ತಾಗಿದ್ದೀನಿ, ಇವತ್ತು ಪಾತ್ರೆ ನೀವು ತೊಳೀರಿ ಅಂತ ಹೇಳಬೇಕಿತ್ತು. ಹದಿಮೂರು ವರ್ಷ ಗಲ್ಫ್‌ನಲ್ಲಿ ಕಳೆದ ನನಗೂ ಅವರ ಮುಖ ನೋಡಿ ಬಾಯಿ ಬರಲಿಲ್ಲ. ಮೊದಲು ನಕ್ಕವನು ಆ ಹುಡುಗ. ಎದ್ದು ಬಂದು, ನನ್ನನ್ನು ಸರಿಸಿ, ತಾನೇ ಹೇಳಿದ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಈಗ ಬಾಗಿಲ ಹಿಂದೆ ಪಾಳಿಯ ಚೀಟಿ ಅಂಟಿಸಿದ್ದೇವೆ, ಮಂಗಳವಾರದ ಪಾತ್ರೆ ನನ್ನದು. ಅಣ್ಣ ತಮ್ಮ ಪಾಳಿಯಲ್ಲಿ ಎರಡು ವಾರ ತೊಳೆದರು, ಮೂರನೇ ವಾರ ಹೋಟೆಲಿನಿಂದ ಪಾರ್ಸೆಲ್ ತಂದರು.