ಸಾವಿರ ಓಲೆಪ್ರತಿಗಳನ್ನು ಹಂಚಿದ ಅತ್ತಿಮಬ್ಬೆ

ಕನ್ನಡಕ್ಕೆ ಅಚ್ಚಿನ ಮೊಳೆ ಬಂದದ್ದು 19ನೆಯ ಶತಮಾನದಲ್ಲಿ. ಅದಕ್ಕೆ ಸುಮಾರು ಎಂಟುನೂರು ವರ್ಷ ಮೊದಲೇ ಒಂದು ಕನ್ನಡ ಕಾವ್ಯದ ಸಾವಿರ ಪ್ರತಿಗಳು ನಾಡಿನಲ್ಲಿ ಹಂಚಿಹೋಗಿದ್ದವು. ಹಂಚಿದ್ದು ಅರಸನಲ್ಲ, ಗುರುಪೀಠವೂ ಅಲ್ಲ. ಒಬ್ಬ ಶ್ರಾವಕಿ, ದಾನಚಿಂತಾಮಣಿ ಅತ್ತಿಮಬ್ಬೆ.

ವೆಂಗಿಮಂಡಲ ಮೂಲದ ಮನೆತನ ಆಕೆಯದು. ಅಜ್ಜ ನಾಗಮಯ್ಯ, ತಂದೆ ಮಲ್ಲಪಯ್ಯ. ಮಲ್ಲಪಯ್ಯ ಮತ್ತು ಆತನ ತಮ್ಮ ಪುನ್ನಮಯ್ಯ ತಮ್ಮ ಗುರು ಜಿನಚಂದ್ರದೇವರ ಗೌರವಾರ್ಥ ಪೊನ್ನನಿಂದ ಶಾಂತಿಪುರಾಣ ಬರೆಯಿಸಿದರು. ಹೀಗೆ ಹದಿನಾರನೆಯ ತೀರ್ಥಂಕರರ ಆ ಚರಿತೆ ಅತ್ತಿಮಬ್ಬೆಗೆ ತವರುಮನೆಯ ಆಸ್ತಿಯೇ ಆಗಿತ್ತು.

ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಒಬ್ಬನೇ ವರನಿಗೆ ಕೊಟ್ಟು ಮದುವೆ ಮಾಡಿದರು. ವರ ನಾಗದೇವ, ಚಾಲುಕ್ಯ ತೈಲಪನ ಮಂತ್ರಿ ದಲ್ಲಪನ ಮಗ, ವೀರ ದಂಡನಾಯಕ. ಯುದ್ಧದಲ್ಲಿ ಅವನು ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಬದುಕನ್ನು ಆರಿಸಿಕೊಂಡಳು. ಮಗ ಅಣ್ಣಿಗದೇವ ಇನ್ನೂ ಚಿಕ್ಕವನು, ಅವನನ್ನು ಬೆಳೆಸಬೇಕಿತ್ತು. ಒಂದೇ ಮನೆ, ಒಂದೇ ದುಃಖ, ಎರಡು ದಾರಿ. ಸಹಗಮನವನ್ನು ಹೊಗಳುತ್ತಿದ್ದ ಕಾಲದಲ್ಲಿ, ವ್ರತನಿಯಮಗಳನ್ನು ಹಿಡಿದು ಬದುಕಿದ ವಿಧವೆಯನ್ನೂ ಸಮಾಜ ತಲೆಬಾಗಿ ಗೌರವಿಸಿತು ಎಂಬುದನ್ನು ಗಮನಿಸಬೇಕು.

ಆಗ ಆಳ್ವಿಕೆಯೇ ಬದಲಾಗಿತ್ತು. ಪೊನ್ನನಿಗೆ ಆಶ್ರಯ ಕೊಟ್ಟಿದ್ದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು 972ರಲ್ಲಿ ಪರಮಾರರು ಸೂರೆ ಮಾಡಿದರು. ಮರುವರ್ಷವೇ ತೈಲಪ ಅಧಿಕಾರಕ್ಕೆ ಬಂದ. ಆಸ್ಥಾನ ಬಿದ್ದರೆ ಅಲ್ಲಿನ ಕಾವ್ಯಕ್ಕೂ ಗಂಡಾಂತರ. ಓಲೆಗರಿಯನ್ನು ಹುಳು ತಿನ್ನುತ್ತದೆ, ಬೆಂಕಿ ಸುಡುತ್ತದೆ. ಇರುವ ಒಂದೆರಡು ಪ್ರತಿ ಹೋದರೆ ಗ್ರಂಥವೇ ಹೋದಂತೆ. ಅದನ್ನು ಉಳಿಸುವ ದಾರಿ ಒಂದೇ: ಮತ್ತೆ ಮತ್ತೆ ನಕಲು ಮಾಡಿಸುವುದು. ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಗರಿಗಳನ್ನು ಹದಮಾಡಿ, ಒಂದೊಂದು ಅಕ್ಷರವನ್ನೂ ಕೈಯಲ್ಲೇ ಮೂಡಿಸಿ, ದಾರಕ್ಕೆ ಪೋಣಿಸಿ ಕಟ್ಟುವ ಕೆಲಸ, ಸಾವಿರ ಸಲ! ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರವನ್ನೂ ದಾನವೆಂದು ಎಣಿಸುವ ಧರ್ಮದಲ್ಲಿ ಇದು ಪುಣ್ಯಕಾರ್ಯ. ಗ್ರಂಥದ ಪಾಲಿಗೆ ಮರುಜನ್ಮ.

ಹೊಸ ಕಾವ್ಯಕ್ಕೂ ಆಕೆ ಆಸರೆಯಾದಳು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ರಚಿಸಿದ. ಆಕೆಯ ಬಾಳಿನ ಬಹುಪಾಲು ವಿವರ ನಮಗೆ ತಿಳಿದಿರುವುದು ಆ ಕಾವ್ಯದಿಂದಲೇ.

ಚಿನ್ನ ಮತ್ತು ರತ್ನದ 1,500 ಜಿನಬಿಂಬಗಳನ್ನು ಆಕೆ ಮಾಡಿಸಿದಳೆಂದು ಪರಂಪರೆ ಹೇಳುತ್ತದೆ. ಗದಗದ ಬಳಿಯ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. 1007ರ ಶಾಸನದಲ್ಲಿ ಆಕೆಯ ದಾನಗಳ ವರ್ಣನೆಯಿದೆ. ರನ್ನನಂತೂ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ.